ಸೋತವರ ಬಾಯಿಗೆ ಬೆಲ್ಲ

ನಮ್ಮ ಮನೆಯಲ್ಲಿ ದೊಡ್ಡಪ್ಪ ಅವ್ವನ ಜೊತೆ ನೇರವಾಗಿ ಮಾತನಾಡುತ್ತಿರಲಿಲ್ಲ. ತಮ್ಮನ ಹೆಂಡತಿಯನ್ನು ಮುಖ ಕೊಟ್ಟು ಮಾತನಾಡಿಸುವುದು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮರ್ಯಾದೆಯಲ್ಲ. ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದರು. ನಾನಿಲ್ಲದಿದ್ದರೆ ಕಂಬಕ್ಕೆ ಹೇಳುತ್ತಿದ್ದರು. "ಅಂಗಡಿಗೆ ಚಾ ಕಳಿಸ್ಬೇಕಂತ, ನಿಮ್ಮವ್ವಗ ಹೇಳು." ಅವ್ವ ಅಡುಗೆಮನೆಯ ಬಾಗಿಲ ಮರೆಯಿಂದ, "ಹಾಲು ಇನ್ನೂ ಬಂದಿಲ್ಲಂತ, ನಿಮ್ಮ ದೊಡ್ಡಪ್ಪಗ ಹೇಳು" ಎನ್ನುತ್ತಿದ್ದಳು. ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಡುವೆ ನಿಂತ ನಾನು ಬಾಯಿ ತೆರೆಯುವುದರೊಳಗೆ ವ್ಯವಹಾರ ಮುಗಿದಿರುತ್ತಿತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವ್ವನ ಮಾತು ಹೋಯಿತು. ಅದು ಹೋದ ಬಗೆಗೆ ಶಿಕಾರಿಪುರದ ನಮ್ಮ ಮನೆಯಲ್ಲಿ ಈಗಲೂ ಒಂದು ಕಥೆ ಹೇಳುತ್ತಾರೆ. ಬಿ.ಪಿ. ಏರಿತು, ಸ್ಟ್ರೋಕ್ ಹೊಡೆಯಿತು, ಹಣೆಬರಹ. ಆ ಕಥೆಯಲ್ಲಿ ಮನುಷ್ಯರೇ ಇಲ್ಲ. ಯಾರೂ ಏನೂ ಹೇಳುವುದಿಲ್ಲ, ಯಾರೂ ಏನೂ ಮಾಡುವುದಿಲ್ಲ. ನಾನು ಅಲ್ಲೇ ಇದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಅವ್ವ ನಾಲ್ಕು ಊರಿಗೆ ಗೊತ್ತಿದ್ದದ್ದು ನಾಲಿಗೆಯಿಂದ. ನಮ್ಮಲ್ಲಿ ಮದುವೆಯ ಮಧ್ಯಾಹ್ನ ಭೂಮದ ಊಟ ಎಂದು ಮಾಡುತ್ತಾರೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎದುರುಬದುರು ಕೂತು ಉಣ್ಣುವ ಊಟ ಅದು. ಉಣ್ಣುತ್ತಲೇ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರನ್ನು ಹಾಡಿನಲ್ಲಿ ಹಂಗಿಸುತ್ತಾರೆ. ಅವರು ಹಾಡಿನಲ್ಲೇ ತಿರುಗಿ ಕೊಡಬೇಕು. ರಾಗ ಹಳೆಯದು, ಮಾತು ಮಾತ್ರ ಆ ಕ್ಷಣಕ್ಕೆ ಕಟ್ಟಿದ್ದು. ತಿರುಗುಮಾತು ಹೊಳೆಯದೆ ತಡವರಿಸಿದವರು ಸೋತಂತೆ. ಸೋತವರ ಬಾಯಿಗೆ ಗೆದ್ದವರು ಬೆಲ್ಲದ ತುಂಡು ತುರುಕುತ್ತಾರೆ, ಇನ್ನು ಬಾಯಿ ಮುಚ್ಚಿಕೊಂಡು ಸಿಹಿಯಾಗಿರು ಎಂದು. ಅವ್ವ ಎಷ್ಟೋ ಮದುವೆಗಳಲ್ಲಿ ಎಷ್ಟೋ ಬೀಗಿತ್ತಿಯರ ಬಾಯಿಗೆ ಬೆಲ್ಲ ಹಾಕಿದ್ದಳು. ಅವಳ ಬಾಯಿಗೆ ಬೆಲ್ಲ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡಪ್ಪನ ಮಗನಿಗೆ ಆನವಟ್ಟಿಯ ಹೆಣ್ಣು ಗೊತ್ತಾಯಿತು. ನಿಶ್ಚಿತಾರ್ಥದ ದಿನವೇ ಹುಡುಗಿಯ ತಾಯಿ ಎಲ್ಲರ ಮುಂದೆ, "ಶಿಕಾರಿಪುರದೋರ ಬಾಯಿ ಬಗ್ಗೆ ಬಾಳ ಕೇಳಿದೀನಿ ಮಾರಾಯ್ತಿ, ಮದುವೆ ದಿನ ತಗೊಂಡು ಬನ್ನಿ, ಮರ್ತು ಬರಬೇಡಿ" ಎಂದಿದ್ದರು. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತದೆಯೇ, "ನಿಮ್ಮದು ಸಂತಿ ಮೈದಾನ ಅಲ್ಲೇನ್ರೀ, ವಾರಕ್ಕೊಂದು ಸಲ ತುಂಬ್ತದ. ನಮ್ಮದು ದಿನದ ಅಂಗಡಿ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರೀತಿ ಹುಟ್ಟಿತ್ತು. ಇದನ್ನೂ ಹೇಳಬೇಕು, ಏಕೆಂದರೆ ನನ್ನ ಸಿಟ್ಟು ಆ ಬೀಗಿತ್ತಿಯ ಮೇಲಲ್ಲ.

ಅವ್ವನಿಗೆ ಬಿ.ಪಿ. ಇದೆ ಎಂದು ಅದಕ್ಕೆ ಬಹಳ ಮೊದಲೇ ಗೊತ್ತಾಗಿತ್ತು. ಒಂದಷ್ಟು ದಿನ ಮಾತ್ರೆ ನುಂಗಿದಳು. ತಲೆನೋವು ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದಳು. ನಾನು ಆಗ ಸೊರಬದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಶನಿವಾರ ಊರಿಗೆ ಬಂದಾಗಲೆಲ್ಲ ಕೇಳುತ್ತಿದ್ದೆ, ಜಗಳವಾಡುತ್ತಿದ್ದೆ. "ತಲಿ ನೋಯಲ್ದ ಮಾತ್ರಿ ಯಾಕ?" ಎನ್ನುತ್ತಿದ್ದಳು. ಜಗಲಿಯಿಂದ ದೊಡ್ಡಪ್ಪ ಕಂಬಕ್ಕೆ ಹೇಳುತ್ತಿದ್ದರು: "ಒಮ್ಮೆ ಶುರು ಮಾಡಿದ್ರ ಸಾಯೋತನಕ ಬಿಡೋಂಗಿಲ್ಲ ಅದು. ಚಟ ಆಗ್ತದ." ಮನೆಯಲ್ಲಿ ಅವರು ಹೇಳಿದ ಮೇಲೆ ಮುಗಿಯಿತು. ಅಪ್ಪ ಗದ್ದೆ ನೋಡಿಕೊಳ್ಳುತ್ತಿದ್ದರು, ದೊಡ್ಡಪ್ಪ ಗೊಬ್ಬರದ ಅಂಗಡಿ ಮತ್ತು ಉಳಿದ ಎಲ್ಲವನ್ನೂ. ಅಣ್ಣನ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಕೇಳಿಲ್ಲ.

ಮದುವೆಯ ಬೆಳಿಗ್ಗೆ ದಿಬ್ಬಣದ ಬಸ್ಸಿನಲ್ಲೇ ಅವ್ವ ಹಣೆ ಒತ್ತಿಕೊಳ್ಳುತ್ತಿದ್ದಳು. ಶಿರಾಳಕೊಪ್ಪ ದಾಟಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದಳು. ಬಸ್ಸಿಗೆ ಹಾಗಾಗುತ್ತದೆ ಎಂದರು. ಆನವಟ್ಟಿಯಲ್ಲಿ ಇಳಿದಾಗ, "ಕತ್ತಿನ ಹಿಂದ ಯಾರೋ ಗುದ್ದಿದಂಗ ಆಗ್ತದ" ಎಂದು ನನ್ನ ಭುಜ ಹಿಡಿದು ನಿಂತಳು. ನಾನು ಅವಳನ್ನು ಪೇಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಯಾರೋ ಸುದ್ದಿ ಮುಟ್ಟಿಸಿರಬೇಕು, ದೊಡ್ಡಪ್ಪ ರೇಷ್ಮೆ ಪಂಚೆಯಲ್ಲೇ ಹಿಂದೆ ಬಂದರು. ಅಪ್ಪನೂ ಬಂದು ಬಾಗಿಲಲ್ಲಿ ನಿಂತರು.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಇನ್ನೊಂದು ಸಲ ನೋಡಿದರು. "ಬಹಳ ಜಾಸ್ತಿ ಇದೆ ಕಣ್ರೀ. ಇವತ್ತು ಮಲಗಿರಲಿ. ಮಾತ್ರೆ ಕೊಡ್ತೀನಿ, ನಿಧಾನಕ್ಕೆ ಇಳೀತದೆ" ಎಂದರು. ಈ ಮಾತನ್ನು ಅವರು ಹೇಳಿದರು. ನಾನು ಕೇಳಿಸಿಕೊಂಡೆ.

"ನಿಧಾನಕ್ಕ ಅಂದ್ರ ಹೆಂಗ್ರೀ?" ಎಂದರು ದೊಡ್ಡಪ್ಪ. "ಇನ್ನೇನು ಅಕ್ಷತಿ ಬೀಳ್ತದ, ಆಮ್ಯಾಲ ಭೂಮಕ್ಕ ಕೂಡಬೇಕು. ನಮ್ಮ ಕಡಿ ಹಾಡೋರು ಇವರೊಬ್ರ. ಇವರು ಮಲಗಿದ್ರ ಬೀಗರ ಮುಂದ ನಮ್ಮದೇನು ಉಳೀತದ?"

"ಹಾಡೋದಾ?" ಡಾಕ್ಟರು ಅವ್ವನ ಮುಖ ನೋಡಿದರು.

"ಹೂಂ ರೀ. ಇಳಿಸಿ ಕೊಡ್ರಿ, ಅಷ್ಟ. ನಾಳಿಂದ ಬೇಕಾದ್ರ ಎಂಟು ದಿನ ಮಲಗಲಿ." ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ನಿಂತವರ ದನಿ ಅದು.

ಅವ್ವ ನನ್ನ ಸೆರಗು ಜಗ್ಗಿ ಮೆಲ್ಲಗೆ, "ಕೂತಲ್ಲೇ ಹಾಡಬಹುದೇನಂತ ಕೇಳು. ನಾ ಮಲಗಿದ್ರ ಆ ಬೀಗಿತ್ತಿ ಇಡೀ ಸೊರಬ ಸೀಮಿಗೆ ಡಂಗುರ ಹೊಡಸ್ತಾಳ" ಎಂದಳು. ಹಾಡಬೇಕೆಂಬ ಆಸೆ ಅವಳಿಗೂ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವಳು ಕೇಳಿದ್ದು ಕೂತು ಹಾಡಬಹುದೇ ಎಂದು. ಈಗಲೇ ಇಳಿಸಿ ಎಂದು ಕೇಳಿದವಳು ಅವಳಲ್ಲ.

ಡಾಕ್ಟರು ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ಕಪಾಟಿನಿಂದ ಒಂದು ಕೆಂಪು ಗುಳಿಗೆ ತೆಗೆದರು. ಒಳಗೆ ಎಣ್ಣೆಯಂಥ ದ್ರವವಿರುವ ಮೆತ್ತನೆಯ ಗುಳಿಗೆ. ಅದನ್ನು ಸೂಜಿಯಿಂದ ಚುಚ್ಚಿ, ಅವ್ವನ ನಾಲಿಗೆ ಎತ್ತಿಸಿ, ಕೆಳಗೆ ಹಿಂಡಿದರು. ಆ ಕಾಲದಲ್ಲಿ ಬಿ.ಪಿ. ಏರಿದೆ ಎಂದರೆ ಎಷ್ಟೋ ಕಡೆ ಹೀಗೇ ಮಾಡುತ್ತಿದ್ದರಂತೆ. ರೋಗಿಯ ಕಣ್ಣೆದುರೇ ಇಳಿಯುತ್ತದೆ, ಜನಕ್ಕೆ ಅದು ಇಷ್ಟ. ಕಾದು ಮತ್ತೆ ನೋಡಿದರು. ಸ್ವಲ್ಪ ಇಳಿದಿತ್ತು. "ಇನ್ನೊಂದು ಹಾಕ್ರಿ, ಒಮ್ಮೆಗೇ ಸರಿ ಹೋಗಲಿ" ಎಂದರು ದೊಡ್ಡಪ್ಪ. ಇನ್ನೊಂದು ಹಾಕಿದರು. ಅವ್ವನ ಮುಖ ಕೆಂಪೇರಿತು, ಕಿವಿಯೂ ಕೆಂಪಾಯಿತು.

"ಈಗ ನೋಡಿ, ಆರೋಗ್ಯವಂತರಿಗೆ ಇರುವಷ್ಟೇ ಇದೆ" ಎಂದರು ಡಾಕ್ಟರು.

ದೊಡ್ಡಪ್ಪನ ಮುಖ ಅರಳಿತು. ಅವ್ವ ಬೆಂಚಿನಿಂದ ಎದ್ದವಳು ಓಲಾಡಿ ಗೋಡೆ ಹಿಡಿದುಕೊಂಡಳು. "ಕಣ್ಣು ಕತ್ತಲ ಬಂತು" ಎಂದಳು. "ಉಪವಾಸ ಅದಾಳಲ್ಲ, ಒಂದು ಲೋಟ ಚಾ ಕುಡಿಸು" ಎಂದು ದೊಡ್ಡಪ್ಪ ನನಗೆ ಹೇಳಿ ಹೊರಟರು. ಅಪ್ಪ ಬಾಗಿಲಿನಿಂದ ಸರಿದು ಅವರಿಗೆ ದಾರಿ ಬಿಟ್ಟರು.

ಚಪ್ಪರದ ಕೆಳಗೆ ಭೂಮಕ್ಕೆ ಎಲೆ ಹಾಕಿದ್ದರು. ಅವ್ವ ಸಾಲಿನ ನಡುವೆ ಕೂತಳು. ನಾನು ನೀರಿನ ತಂಬಿಗೆ ಹಿಡಿದು ಅವಳ ಬಲಮಗ್ಗುಲಿಗೆ ತುಸು ಹಿಂದೆ ನಿಂತಿದ್ದೆ. ಎದುರು ಸಾಲಿನಿಂದ ಬೀಗಿತ್ತಿ ಶುರು ಮಾಡಿದರು. ಶಿಕಾರಿಪುರದವರು ದಿಬ್ಬಣ ತಂದರೋ ಹಸಿದ ಕಾಗೆಗಳನ್ನು ತಂದರೋ ಎಂದು ಹಾಡಿದರು. ಅವ್ವ ಒಂದೆರಡು ಸುತ್ತು ಚೆನ್ನಾಗಿಯೇ ತಿರುಗಿ ಕೊಟ್ಟಳು. ದನಿ ಎಂದಿಗಿಂತ ಕೆಳಗಿತ್ತು, ಆದರೂ ಮಾತು ಚುಚ್ಚುವಂತಿತ್ತು. ಆಮೇಲೆ ಹೋಳಿಗೆಯ ಸರದಿ ಬಂತು. ಬೀಗರ ಮನೆಯ ಹೋಳಿಗೆಯಲ್ಲಿ ಹೂರಣ ಹುಡುಕಲು ಕಂದೀಲು ತನ್ನಿ ಎಂದು ಹಾಡುವುದು ಅವಳ ಲೆಕ್ಕಾಚಾರ. ಬಸ್ಸು ಹತ್ತುವ ಮೊದಲೇ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದಳು, ಅದರಿಂದ ನನಗೆ ಗೊತ್ತು.

ಹೋಳಿಗೆ, ಹೂರಣ ಎರಡೂ ಮಾತು ಬಾಯಿಗೆ ಬಂದವು. ಕಂದೀಲು ಬರಲಿಲ್ಲ. "ಕೊಡೆ ತನ್ನಿರೇ" ಎಂದು ಹಾಡಿದಳು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. "ಕೊಡೆ ಹಿಡ್ಕಂಡು ಹೂರಣ ಹುಡುಕ್ತಾರಂತೆ ಕಣ್ರೇ, ಶಿಕಾರಿಪುರದಾಗೆ ಹೋಳಿಗೆ ಒಳಗೆ ಮಳೆ ಬರ್ತದಂತೆ" ಎಂದು ಎದುರಿನ ಸಾಲಿನಿಂದ ಯಾರೋ ಕೂಗಿದರು. ಅವ್ವ ತಲೆ ಅಲ್ಲಾಡಿಸಿದಳು. "ಅದು, ಅದು" ಎಂದಳು. "ಕೊಡೆ" ಎಂದಳು ಮತ್ತೆ. ಅಲ್ಲವೆಂದು ತಲೆ ಅಲ್ಲಾಡಿಸುತ್ತಲೇ ಅದನ್ನೇ ಹೇಳಿದಳು. ನಗು ಹೆಚ್ಚಾಯಿತು. ನಮ್ಮ ಸಾಲಿನವರೂ ನಕ್ಕರು. ಅವಳು ಬೇಕೆಂದೇ ಆಟ ಕಟ್ಟುತ್ತಿದ್ದಾಳೆ ಎಂದುಕೊಂಡರು, ಅದು ಅವಳ ರೀತಿಯೂ ಆಗಿತ್ತು. ಆಮೇಲೆ ಅವಳು ಸುಮ್ಮನಾದಳು. ಬಾಯಿ ಅರ್ಧ ತೆರೆದೇ ಇತ್ತು.

"ಸೋತ್ಲು ನೋಡ್ರೇ, ಸೋತ್ಲು" ಎಂದು ಎದುರಿನವರು ಚಪ್ಪಾಳೆ ತಟ್ಟಿದರು. ಬೀಗಿತ್ತಿ ಎದ್ದು ಬಂದು ಅವ್ವನ ಗಲ್ಲ ಹಿಡಿದು ಬೆಲ್ಲದ ತುಂಡನ್ನು ಬಾಯಿಗೆ ಹಾಕಿದರು. "ದಿನದ ಅಂಗಡಿ ಬಾಗಿಲು ಹಾಕಿತೇನೇ?" ಎಂದರು.

ಬೆಲ್ಲ ಒಳಗೆ ಹೋಗಲಿಲ್ಲ. ಕರಗಿ ಬಲಗಡೆಯ ಬಾಯಂಚಿನಿಂದ ಸೀರೆಯ ಮೇಲೆ ಇಳಿಯಿತು. ಮೊದಲು ಕಂಡದ್ದು ನನಗೆ. ಆಮೇಲೆ ಅವಳ ಬಲಗೈ ತೊಡೆಯಿಂದ ಜಾರಿ ಎಲೆಯ ಮೇಲೆ ಬಿತ್ತು. ಬೆರಳು ಬಿಸಿ ಪಾಯಸದಲ್ಲಿ ಮುಳುಗಿತು. ಅವಳು ಅದನ್ನು ತೆಗೆಯಲಿಲ್ಲ.

"ಅವ್ವಗ ಏನೋ ಆಗೇದ" ಎಂದೆ. ಬೀಗಿತ್ತಿಯ ಮುಖದ ನಗು ನಿಂತಿತು. ಗಂಡಸರ ಸಾಲಿನಿಂದ ದೊಡ್ಡಪ್ಪ ಕೈಯೆತ್ತಿ ಹೇಳಿದರು: "ಪಂಕ್ತಿ ಎಬ್ಬಿಸಬ್ಯಾಡ. ಭೂಮದಿಂದ ನಡುವ ಏಳಬಾರದು. ಇನ್ನೇನು ಮಜ್ಜಿಗಿ ಬಂತು."

ಮಜ್ಜಿಗೆ ಬರುವವರೆಗೂ ಅವ್ವ ಅಲ್ಲೇ ಕೂತಿದ್ದಳು. ನಾನು ಹಿಂದಿನಿಂದ ತಬ್ಬಿ ಹಿಡಿದಿದ್ದೆ. ಎಬ್ಬಿಸಲು ನನ್ನೊಬ್ಬಳ ಬಲ ಸಾಲಲಿಲ್ಲ, ಎದ್ದು ಬಂದ ಗಂಡಸು ಒಬ್ಬನೂ ಇರಲಿಲ್ಲ. ಬೀಗಿತ್ತಿ ಒಬ್ಬರೇ ಎದುರು ಮಂಡಿಯೂರಿ ಕೂತು ತಮ್ಮ ಸೆರಗಿನಿಂದ ಅವಳ ಗಲ್ಲ ಒರೆಸುತ್ತಿದ್ದರು. ಹುಡುಗ ಹುಡುಗಿಗೆ ಅಪಶಕುನವಾಗಬಾರದು ಎಂದು ಜನ ಬೇಗಬೇಗ ಉಂಡರು. ಬೇಗ ಉಂಡದ್ದೇ ಅವರು ಮಾಡಿದ ಉಪಕಾರ.

ಪಂಕ್ತಿ ಎದ್ದ ಮೇಲೆ ಡಾಕ್ಟರನ್ನು ಕರೆಸಿದರು. ಅವರು ಮತ್ತೆ ಪಟ್ಟಿ ಸುತ್ತಿದರು. "ಬಿ.ಪಿ. ಚೆನ್ನಾಗೇ ಇದೆಯಲ್ಲ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಅವ್ವನ ಬಲಗೈ ಎತ್ತಿ ಬಿಟ್ಟರು. ಅದು ತೊಡೆಯ ಮೇಲೆ ಬಿತ್ತು. ಅವರ ಮುಖದ ಬಣ್ಣ ಇಳಿಯಿತು. "ತಡ ಮಾಡಬೇಡಿ, ಶಿವಮೊಗ್ಗಕ್ಕೆ ಹೋಗಿ" ಎಂದರು. ದೊಡ್ಡಪ್ಪ ಹಿಡಿದುಕೊಂಡದ್ದು ಅವರ ಮೊದಲ ಮಾತನ್ನು ಮಾತ್ರ. ಇಂದಿಗೂ ಯಾರಾದರೂ ಕೇಳಿದರೆ, "ಡಾಕ್ಟ್ರು ನೋಡಿದಾಗ ಬಿ.ಪಿ. ನಾರ್ಮಲ್ ಇತ್ತು, ನಮ್ಮಿಂದ ಏನೂ ತಪ್ಪಿಲ್ಲ" ಎನ್ನುತ್ತಾರೆ.

ಶಿವಮೊಗ್ಗದಲ್ಲಿ ಅವ್ವನನ್ನು ನೋಡಿಕೊಂಡ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಒಂದು ಸಂಜೆ ನನ್ನನ್ನೂ ಅಪ್ಪನನ್ನೂ ಎದುರು ಕೂರಿಸಿಕೊಂಡು ಆ ದಿನ ನಡೆದದ್ದನ್ನೆಲ್ಲ ಕೇಳಿದರು. ಕೆಂಪು ಗುಳಿಗೆಯ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಹೀಗೆ. ಮೆದುಳಿಗೆ ರಕ್ತ ಒಂದೇ ಸಮನಾಗಿ ಬರುತ್ತಿರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಒತ್ತಡ ಏರಿದಾಗ ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಇಳಿದಾಗ ಸಡಿಲವಾಗುತ್ತವೆ. ಹೀಗೆ ತಾವೇ ಸರಿದೂಗಿಸಿಕೊಂಡು ಹರಿವನ್ನು ಒಂದು ಹದದಲ್ಲಿ ಇಡುತ್ತವೆ. ಆದರೆ ವರ್ಷಗಟ್ಟಲೆ ಒತ್ತಡ ಏರಿಯೇ ಇದ್ದರೆ ನಾಳದ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಅಂಥ ನಾಳಕ್ಕೆ ಬೇಕಾದಾಗ ಮೊದಲಿನಷ್ಟು ಸಡಿಲವಾಗಲು ಬರುವುದಿಲ್ಲ. ಆ ಮೆದುಳು ಹೆಚ್ಚಿನ ಒತ್ತಡಕ್ಕೇ ಹೊಂದಿಕೊಂಡು ಬದುಕುತ್ತಿರುತ್ತದೆ. ಒತ್ತಡವನ್ನು ಇಳಿಸಲೇಬೇಕು, ಇಳಿಸದೆ ಬಿಟ್ಟದ್ದೇ ಮೊದಲ ತಪ್ಪು. ಆದರೆ ದಿನಗಳ ಮೇಲೆ, ವಾರಗಳ ಮೇಲೆ, ನಾಳಗಳು ಒಗ್ಗಿಕೊಳ್ಳುವ ಹಾಗೆ ಇಳಿಸಬೇಕು. ಬೇರೆಯವರಿಗೆ ಸರಿಯಾದ ಅಂಕಿಗೆ ಅವಳನ್ನು ಒಮ್ಮೆಲೇ ತಂದು ನಿಲ್ಲಿಸಿದರೆ, ಅವಳ ಮೆದುಳಿನ ದೂರದ ಭಾಗಗಳಿಗೆ ರಕ್ತ ತಲುಪುವುದಿಲ್ಲ. ಎಡಗಡೆಯಲ್ಲಿ ಹಾಗಾದರೆ ಬಲಗೈ ಹೋಗುತ್ತದೆ, ಮಾತು ಹೋಗುತ್ತದೆ.

"ಅದರಿಂದಲೇ ಆಯಿತಾ?" ಎಂದು ಕೇಳಿದೆ.

"ಅಷ್ಟು ಖಚಿತವಾಗಿ ನಾನು ಹೇಳಲಾರೆ ಕಣಮ್ಮ. ಬೆಳಿಗ್ಗೆಯಿಂದಲೇ ಅವರಿಗೆ ಸರಿ ಇರಲಿಲ್ಲ. ತಾನಾಗಿಯೇ ಆಗಿದ್ದರೂ ಆಗಿರಬಹುದು. ಆದರೆ ಹಾಗೆ ಇಳಿಸಬಾರದಿತ್ತು. ಆದ ಮೇಲೆ ಕೂರಿಸಿಯೂ ಇಡಬಾರದಿತ್ತು."

ಅಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ನಮ್ಮ ಗದ್ದೆ ಅಂಬ್ಲಿಗೊಳ ಜಲಾಶಯದ ಕಾಲುವೆ ನೀರು ಕಟ್ಟಕಡೆಗೆ ಮುಟ್ಟುವ ಜಾಗದಲ್ಲಿತ್ತು. "ಹೂಳು ತುಂಬಿದ ಕಾಲುವಿ" ಎಂದರು. "ಮ್ಯಾಲ ನೀರು ಏರಿ ಹರಿದ್ರ ಮಾತ್ರ ನಮ್ಮ ಗದ್ದಿಗೆ ಬರ್ತದ. ಮ್ಯಾಲಿನೋರು ತೂಬು ಒಮ್ಮೆಲೆ ಇಳಿಸಿದ್ರ, ಮೊದಲು ಒಣಗೋದು ಕಡೀ ಮಡಿ." ಅವರಿಗೆ ಪೂರ್ತಿ ಅರ್ಥವಾಗಿತ್ತು. ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

"ಇದನ್ನ ದೊಡ್ಡಪ್ಪಗ ಹೇಳಪ್ಪ" ಎಂದೆ.

ಅಪ್ಪ ಚಪ್ಪಲಿ ಮೆಟ್ಟಿಕೊಂಡು, "ಈಗ ಹೇಳಿ ಏನು ಮಾಡೋದು" ಎಂದರು. ಅಪ್ಪನ ಮೇಲಿನ ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ. ಅದನ್ನು ಇಳಿಸಿಕೊಳ್ಳುವ ಆತುರವೂ ನನಗಿಲ್ಲ.

ಮನೆಗೆ ಬಂದ ಅವ್ವ ಬಲಗಾಲು ಎಳೆಯುತ್ತ ನಡೆಯುವಷ್ಟಾದಳು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಬಾಯಿಂದ ಮಾತ್ರ "ಅದು" ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ನೀರೂ ಅದು, ನಾನೂ ಅದು, ಬೇಡವೂ ಅದು. ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ಮದುವೆಯ ಹಳೆಯ ಆರತಿ ಹಾಡನ್ನು ಪೂರ್ತಿ ಹಾಡಿದಳು. ಒಂದು ಪದವೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ ಅವಳೇ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ಕೇಳಿದಾಗ ಡಾಕ್ಟರು, ಹಾಗಾಗುತ್ತದೆ, ಬಾಯಿಪಾಠವಾದ ಹಾಡು ಉಳಿಯಬಹುದು, ಹೊಸ ಮಾತು ಕಟ್ಟುವುದೇ ಕಷ್ಟ ಎಂದರು. ಅವಳಿಗೆ ಬೇಕಾದದ್ದು ಹೊಸ ಮಾತು. ಅವಳ ಬದುಕೆಲ್ಲ ಅದೇ ಆಗಿತ್ತು.

ದೊಡ್ಡಪ್ಪನಿಗೆ ಹಾಡು ಸಾಕಾಯಿತು. ಬಂದ ನೆಂಟರನ್ನೆಲ್ಲ ಒಳಗೆ ಕರೆತಂದು, "ನೋಡ್ರಿ, ಎಲ್ಲ ಸರಿ ಹೋಗೇದ, ಮೊದಲಿನಂಗ ಹಾಡ್ತಾಳ" ಎನ್ನತೊಡಗಿದರು. ಆಮೇಲೆ ಅವ್ವನ ಕಡೆ ತಿರುಗಿ, "ಹಾಡಮ್ಮ" ಎನ್ನುತ್ತಿದ್ದರು. ನನಗಲ್ಲ, ಕಂಬಕ್ಕಲ್ಲ, ಅವಳಿಗೇ. ಇಷ್ಟು ವರ್ಷ ಮುಖ ಕೊಟ್ಟು ಒಂದು ಮಾತಾಡದವರು, ಅವಳು ತಿರುಗಿ ಮಾತಾಡಲಾರಳು ಎಂದಾದ ಮೇಲೆ ಮಾತಾಡಿಸಲು ಶುರು ಮಾಡಿದರು. ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದೆ. "ಸಾವಕಾಶ" ಎಂದರು ಅವರು. ಅವ್ವ ಒಂದೆರಡು ಸಲ ಹಾಡಿದಳು. ಆಮೇಲೆ ಹಾಡುವಾಗ ಕಣ್ಣಿನಿಂದ ನೀರು ಬರತೊಡಗಿತು. ನೆಂಟರು ಅದನ್ನು ಭಕ್ತಿ ಎಂದರು.

ದೊಡ್ಡಪ್ಪನ ಸೊಸೆ ಬಸುರಿಯಾದಳು. ಸೀಮಂತದ ಕುಬುಸ ಮಾಡಲು ಆನವಟ್ಟಿಯಿಂದ ಬೀಗರು ಬುತ್ತಿ ಕಟ್ಟಿಕೊಂಡು ಬಂದರು. ಬೀಗಿತ್ತಿ ಒಳಗೆ ಬಂದವರೇ ಅವ್ವನ ಪಕ್ಕದಲ್ಲಿ ಕೂತು ಅವಳ ಬಲಗೈಯನ್ನು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡರು. ಹಸಿರು ಬಳೆ ತೊಡಿಸಿದ್ದಾಯಿತು, ಉಡಿ ತುಂಬಿದ್ದಾಯಿತು. ಹರಿವಾಣದಲ್ಲಿ ಕೊಬ್ಬರಿ, ಬೆಲ್ಲದ ತುಂಡುಗಳಿದ್ದವು.

ದೊಡ್ಡಪ್ಪ ನಡುಮನೆಗೆ ಬಂದು ಬೀಗರಿಗೆಲ್ಲ ಕೇಳುವಂತೆ, "ಆವತ್ತು ಅರ್ಧಕ್ಕ ನಿಂತಿತ್ತು, ಇವತ್ತು ಪೂರ್ತಿ ಆಗಲಿ" ಎಂದರು. ಅವ್ವನ ಎದುರು ನಿಂತು, "ಹಾಡಮ್ಮ, ನಾಚಬ್ಯಾಡ" ಎಂದರು.

"ಬೇಡ ಬಿಡಿ ಯಜಮಾನ್ರೇ" ಎಂದರು ಬೀಗಿತ್ತಿ.

"ಹಾಡ್ತಾಳ ರೀ. ನಾ ಹೇಳಿದ್ರ ಹಾಡ್ತಾಳ."

ಅವ್ವ ಎಡಗೈಯನ್ನು ನೆಲಕ್ಕೆ ಊರಿ ಎದ್ದಳು. ನಾನು ಹಿಡಿಯಹೋದೆ, ತಳ್ಳಿದಳು. ಬಲಗಾಲು ಎಳೆದುಕೊಂಡು ಹರಿವಾಣದವರೆಗೆ ನಡೆದು, ಬಗ್ಗಿ, ಬೆಲ್ಲದ ಒಂದು ತುಂಡು ತೆಗೆದುಕೊಂಡಳು. ಆಮೇಲೆ ದೊಡ್ಡಪ್ಪನ ಹತ್ತಿರ ಬಂದಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ಅವರ ಅಷ್ಟು ಹತ್ತಿರ ನಿಂತಿರಲಿಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು, ಎತ್ತಿಕೊಳ್ಳಲಿಲ್ಲ. ದೊಡ್ಡಪ್ಪ ಮತ್ತೇನೋ ಹೇಳಲು ಬಾಯಿ ತೆರೆದರು. ಅವಳು ಬೆಲ್ಲವನ್ನು ಅವರ ಬಾಯಿಗೆ ತುರುಕಿ, ಅಂಗೈಯಿಂದ ಬಾಯಿ ಮುಚ್ಚಿ, ಹಾಗೇ ಹಿಡಿದಳು.

ಅದರ ಅರ್ಥ ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಯಾರೂ ನಗಲಿಲ್ಲ, ಯಾರೂ ಅವಳ ಕೈ ಬಿಡಿಸಲಿಲ್ಲ. ಅಪ್ಪ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ದೊಡ್ಡಪ್ಪನ ಕಣ್ಣು ನನ್ನನ್ನು ಹುಡುಕಿತು, ನಿಮ್ಮವ್ವಗ ಹೇಳು ಎಂಬಂತೆ. ನಾನು ಏನೂ ಹೇಳಲಿಲ್ಲ.

ಅವರು ಬೆಲ್ಲ ನುಂಗಿದ ಮೇಲೆಯೇ ಅವ್ವ ಕೈ ತೆಗೆದದ್ದು.